ರಾಷ್ಟ್ರೀಯ ದಿನಗಳು ಮತ್ತು ಸಂಗೀತಗಾರರ ಜನ್ಮದಿನಗಳ ದಿನದರ್ಶಿಕೆಯನ್ನು ತಪ್ಪಿಲ್ಲದೆ ಸಿದ್ಧಪಡಿಸುವ ಬಗೆ

ಜಾಝ್ ಸಂಗೀತದ ಮಹಾನ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರು ತಾವು 1900ರ ಜುಲೈ 4ರಂದು ಹುಟ್ಟಿದವರೆಂದೇ ಬದುಕಿನುದ್ದಕ್ಕೂ ಹೇಳುತ್ತಿದ್ದರು. ಅದು ಅಮೆರಿಕದ ಸ್ವಾತಂತ್ರ್ಯ ದಿನವಾದ್ದರಿಂದ ಆ ದೇಶದ ಹಬ್ಬವೂ ಅದರ ಅಚ್ಚುಮೆಚ್ಚಿನ ಕಲಾವಿದನ ಹುಟ್ಟುಹಬ್ಬವೂ ಒಂದೇ ದಿನ ಕೂಡಿಬಂದಿವೆ ಎಂದು ಜನ ಸಂತೋಷಪಡುತ್ತಿದ್ದರು. ಅವರು 1971ರಲ್ಲಿ ತೀರಿಕೊಂಡು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ನ್ಯೂ ಆರ್ಲಿಯನ್ಸ್‌ನ ಚರ್ಚೊಂದರ ದೀಕ್ಷಾಸ್ನಾನದ ದಾಖಲೆ ಬೆಳಕಿಗೆ ಬಂತು. ಅದರಲ್ಲಿದ್ದ ಜನ್ಮದಿನ 1901ರ ಆಗಸ್ಟ್ 4. ರಾಷ್ಟ್ರೀಯ ದಿನಗಳನ್ನೂ ಸಂಗೀತಗಾರರ ಜನ್ಮದಿನಗಳನ್ನೂ ಒಂದೇ ದಿನದರ್ಶಿಕೆಯಲ್ಲಿ ಜೋಡಿಸಲು ಹೊರಡುವವರು ಮೊದಲು ನೆನಪಿಡಬೇಕಾದ ಪ್ರಸಂಗ ಇದು. ಕೇಳಲು ಹಿತವಾಗಿರುವ ದಿನಾಂಕವೇ ನಮ್ಮನ್ನು ಹೆಚ್ಚು ಸುಲಭವಾಗಿ ದಾರಿ ತಪ್ಪಿಸುತ್ತದೆ.

ಇಂಥ ದಿನದರ್ಶಿಕೆ ಸಂಗೀತ ಶಾಲೆಯ ಗೋಡೆಗೆ, ಗ್ರಂಥಾಲಯದ ಫಲಕಕ್ಕೆ, ಬಾನುಲಿಯ ಬೆಳಗಿನ ಕಾರ್ಯಕ್ರಮಕ್ಕೆ, ಗಾಯನ ವೃಂದದ ವಾರ್ಷಿಕ ಯೋಜನೆಗೆ ಬಹಳ ಉಪಯುಕ್ತ. ಅದನ್ನು ಸಿದ್ಧಪಡಿಸುವ ಕೆಲಸ ಮೇಲುನೋಟಕ್ಕೆ ಬರಿಯ ನಕಲು ಮಾಡುವ ಕೆಲಸದಂತೆ ಕಾಣುತ್ತದೆ. ಆದರೆ ದಿನಾಂಕವನ್ನಷ್ಟೇ ಬರೆದುಕೊಂಡರೆ ಸಾಲದು. ಆ ದಿನಾಂಕ ಯಾವ ನಿಯಮದಿಂದ ಅಥವಾ ಯಾವ ದಾಖಲೆಯಿಂದ ಬಂದಿದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಈ ಒಂದು ಅಭ್ಯಾಸವಿದ್ದರೆ ದಿನದರ್ಶಿಕೆ ಹತ್ತು ವರ್ಷ ಬಾಳುತ್ತದೆ. ಇಲ್ಲದಿದ್ದರೆ ಎರಡನೆಯ ವರ್ಷಕ್ಕೇ ತಪ್ಪುಗಳು ತಲೆ ಎತ್ತುತ್ತವೆ.

ಮೊದಲಿಗೆ 366 ಸಾಲುಗಳ ಒಂದು ಪಟ್ಟಿಯನ್ನು ಮಾಡಿಕೊಳ್ಳಿ. 365 ಸಾಲುಗಳು ಸಾಲುವುದಿಲ್ಲ, ಏಕೆಂದರೆ ಇಟಲಿಯ ಒಪೆರಾ ಸಂಯೋಜಕ ರೊಸ್ಸಿನಿ ಹುಟ್ಟಿದ್ದು 1792ರ ಫೆಬ್ರವರಿ 29ರಂದು. ಪ್ರತಿ ಸಾಲಿನಲ್ಲಿ ದಿನ, ದೇಶದ ಅಥವಾ ವ್ಯಕ್ತಿಯ ಹೆಸರು, ಮೂಲ ಘಟನೆಯ ವರ್ಷ, ಆಚರಣೆಯ ನಿಯಮ, ಆಧಾರ ಮತ್ತು ನೀವು ಅದನ್ನು ಪರಿಶೀಲಿಸಿದ ದಿನ ಇವಿಷ್ಟಕ್ಕೆ ಜಾಗವಿರಲಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯುವುದು ಕ್ಷೇಮ. 4/7 ಎಂದರೆ ನಮಗೆ ಜುಲೈ 4, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನ. ಅಮೆರಿಕದವರಿಗಾದರೋ ಅದು ಏಪ್ರಿಲ್ 7, ಅಂದರೆ 1920ರಲ್ಲಿ ಜನಿಸಿದ ಸಿತಾರ್ ವಾದಕ ರವಿಶಂಕರ್ ಅವರ ಜನ್ಮದಿನ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಎಕ್ಸೆಲ್ 1900ಕ್ಕಿಂತ ಹಿಂದಿನ ದಿನಾಂಕಗಳನ್ನು ದಿನಾಂಕಗಳೆಂದು ಗುರುತಿಸದೆ ಬರಿಯ ಅಕ್ಷರಗಳೆಂದು ಪರಿಗಣಿಸುತ್ತದೆ. ಮೊಟ್ಸಾರ್ಟ್ ಹುಟ್ಟಿದ 1756ರ ಜನವರಿ 27ನ್ನು ದಿನಾಂಕವಾಗಿ ನಮೂದಿಸಿ ಕ್ರಮವಾಗಿ ಜೋಡಿಸಲು ಹೋದರೆ ಆ ಸಾಲು ಎಲ್ಲೋ ಮೂಲೆ ಸೇರುತ್ತದೆ. ಆದ್ದರಿಂದ ದಿನ, ತಿಂಗಳು, ವರ್ಷಗಳಿಗೆ ಬೇರೆ ಬೇರೆ ಅಂಕಣಗಳನ್ನು ಇಟ್ಟುಕೊಳ್ಳಿ.

ಇನ್ನು ರಾಷ್ಟ್ರೀಯ ದಿನಗಳ ಮಾತು. ರಾಷ್ಟ್ರೀಯ ದಿನ, ಸ್ವಾತಂತ್ರ್ಯ ದಿನ, ಸಾರ್ವಜನಿಕ ರಜೆ ಈ ಮೂರೂ ಒಂದೇ ಅಲ್ಲ. ಫ್ರಾನ್ಸ್ ಯಾರಿಂದಲೂ ಸ್ವಾತಂತ್ರ್ಯ ಪಡೆಯಲಿಲ್ಲ. ಅದರ ಜುಲೈ 14 ಕ್ರಾಂತಿಯ ನೆನಪು. ನಾರ್ವೆಯ ಮೇ 17 ಅಲ್ಲಿನ 1814ರ ಸಂವಿಧಾನದ ದಿನ. ನ್ಯೂಜಿಲೆಂಡಿನ ಫೆಬ್ರವರಿ 6, ಮಾವೊರಿ ನಾಯಕರಿಗೂ ಬ್ರಿಟಿಷ್ ರಾಜಸತ್ತೆಗೂ 1840ರಲ್ಲಿ ವೈಟಾಂಗಿಯಲ್ಲಿ ಆದ ಒಪ್ಪಂದದ ದಿನ. ಹಂಗೆರಿ ಮಾರ್ಚ್ 15, ಆಗಸ್ಟ್ 20, ಅಕ್ಟೋಬರ್ 23 ಎಂದು ಮೂರು ರಾಷ್ಟ್ರೀಯ ದಿನಗಳನ್ನು ಆಚರಿಸಿದರೆ, ಇಡೀ ಬ್ರಿಟನ್ನಿಗೆ ಅಧಿಕೃತ ರಾಷ್ಟ್ರೀಯ ದಿನವೆಂಬುದೇ ಇಲ್ಲ. ಆದ್ದರಿಂದ ಪ್ರತಿ ದೇಶದ ಮುಂದೆ ಆ ದಿನ ಏನನ್ನು ನೆನೆಯುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎಲ್ಲದಕ್ಕೂ ‘ಸ್ವಾತಂತ್ರ್ಯೋತ್ಸವ’ ಎಂಬ ಒಂದೇ ಮುದ್ರೆ ಒತ್ತುವುದು ಆ ದೇಶಗಳ ಚರಿತ್ರೆಗೆ ಮಾಡುವ ಅನ್ಯಾಯ.

ಘಟನೆ ನಡೆದ ದಿನವೂ ಅದನ್ನು ಆಚರಿಸುವ ದಿನವೂ ಬೇರೆಯಾಗಿರಬಹುದು. ಸಮೋವಾ ಸ್ವತಂತ್ರವಾದದ್ದು 1962ರ ಜನವರಿ 1ರಂದು, ಆದರೆ ಅದು ಸ್ವಾತಂತ್ರ್ಯವನ್ನು ಆಚರಿಸುವುದು ಜೂನ್ 1ರಂದು. ಬ್ರಿಟನ್ನಿನ ದೊರೆ ಚಾರ್ಲ್ಸ್ ಹುಟ್ಟಿದ್ದು ನವೆಂಬರ್ 14ರಂದು, ಆದರೆ ಅಧಿಕೃತ ಜನ್ಮದಿನದ ಮೆರವಣಿಗೆ ನಡೆಯುವುದು ಜೂನ್ ತಿಂಗಳಿನಲ್ಲಿ. ವಾರಾಂತ್ಯದ ನಿಯಮವೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಜುಲೈ 4 ಶನಿವಾರ ಬಂದರೆ ಸರ್ಕಾರಿ ನೌಕರರಿಗೆ ಹಿಂದಿನ ಶುಕ್ರವಾರ ರಜೆ, ಭಾನುವಾರ ಬಂದರೆ ಮರುದಿನ ಸೋಮವಾರ ರಜೆ. ಉತ್ಸವ ಮಾತ್ರ ಜುಲೈ 4ಕ್ಕೇ ನಿಲ್ಲುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರಜೆಯ ದಿನ ಭಾನುವಾರ ಬಂದರೆ ಸೋಮವಾರವೂ ರಜೆ. ನೆದರ್‌ಲ್ಯಾಂಡ್ಸ್‌ನಲ್ಲಿ ಏಪ್ರಿಲ್ 27 ದೊರೆಯ ದಿನ. ಅದು ಭಾನುವಾರ ಬಂದರೆ ಆಚರಣೆಯೇ 26ಕ್ಕೆ ಸರಿಯುತ್ತದೆ, ಮತ್ತು 2014ರಲ್ಲಿ ಮೊದಲ ಆಚರಣೆಯೇ ಹಾಗೆ ಸರಿದಿತ್ತು. ‘ನಿಯಮ’ ಎಂಬ ಅಂಕಣ ಇರುವುದೇ ಇದಕ್ಕಾಗಿ.

ಸಿಂಹಾಸನಕ್ಕೆ ಕಟ್ಟಿಕೊಂಡ ದಿನಗಳು ದೊರೆ ಬದಲಾದಾಗ ಬದಲಾಗುತ್ತವೆ. ಜಪಾನಿನಲ್ಲಿ ಚಕ್ರವರ್ತಿಯ ಜನ್ಮದಿನದ ರಜೆ ಅಕಿಹಿಟೊ ಅವರ ಕಾಲದಲ್ಲಿ ಡಿಸೆಂಬರ್ 23ರಂದು ಇತ್ತು. ನರುಹಿಟೊ ಅವರು ಪಟ್ಟಕ್ಕೆ ಬಂದ ಮೇಲೆ, 2020ರಿಂದ, ಫೆಬ್ರವರಿ 23 ಆಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿಯೂ ಹಿಂದೆ ಏಪ್ರಿಲ್ 30 ರಾಣಿಯ ದಿನವಾಗಿತ್ತು. ಅದು ರಾಣಿ ಜೂಲಿಯಾನಾ ಅವರ ಜನ್ಮದಿನ. ಅವರ ಮಗಳು ಬಿಯಾಟ್ರಿಕ್ಸ್ ಹುಟ್ಟಿದ್ದು ಜನವರಿ 31ರಂದಾದರೂ ಅವರು ತಾಯಿಯ ದಿನವನ್ನೇ ಉಳಿಸಿಕೊಂಡರು. ಹಳೆಯ ಪುಸ್ತಕದಿಂದ ಇಂಥ ದಿನಗಳನ್ನು ಎತ್ತಿಕೊಳ್ಳುವವರು ಆ ಪುಸ್ತಕ ಅಚ್ಚಾದ ವರ್ಷವನ್ನು ತಪ್ಪದೆ ನೋಡಬೇಕು.

ಬೇರೆ ಕಾಲಗಣನೆಯನ್ನು ಅನುಸರಿಸುವ ದಿನಗಳಿಗೆ ಪಟ್ಟಿಯಲ್ಲಿ ಸ್ಥಿರವಾದ ಮನೆ ಇರುವುದಿಲ್ಲ. ನೇಪಾಳದ ಸಂವಿಧಾನ ದಿನ ವಿಕ್ರಮ ಶಕೆಯ ಪಂಚಾಂಗದ ಆಶ್ವಿನ 3ರಂದು ಬರುತ್ತದೆ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಅದು ಸೆಪ್ಟೆಂಬರ್ 19 ಅಥವಾ 20. ಇಸ್ರೇಲಿನ ಸ್ವಾತಂತ್ರ್ಯ ದಿನ ಹೀಬ್ರೂ ಪಂಚಾಂಗದ ಇಯಾರ್ ತಿಂಗಳ 5ರದು. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಅಡ್ಡಿಯಾಗದಂತೆ ಅದನ್ನು ಕೆಲವು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ, ಮತ್ತು ಆಚರಣೆ ಹಿಂದಿನ ದಿನದ ಸೂರ್ಯಾಸ್ತದಿಂದಲೇ ಆರಂಭವಾಗುತ್ತದೆ. ಇವುಗಳನ್ನು ಪಟ್ಟಿಯ ಕೊನೆಯಲ್ಲಿ ಬೇರೆಯಾಗಿ ಇಟ್ಟು, ಪ್ರತಿ ವರ್ಷ ಆ ವರ್ಷದ ದಿನಾಂಕವನ್ನು ಮಾತ್ರ ಪೆನ್ಸಿಲಿನಲ್ಲಿ ತುಂಬಿಕೊಳ್ಳುವುದು ಒಳ್ಳೆಯದು.

ಸಂಗೀತಗಾರರ ಜನ್ಮದಿನಗಳ ವಿಚಾರ ಇದಕ್ಕಿಂತಲೂ ಸೂಕ್ಷ್ಮ, ಏಕೆಂದರೆ ದೇಶಗಳಿಗಾದರೆ ಶಾಸನವಿರುತ್ತದೆ. ಇನ್ನೂರು ವರ್ಷಗಳ ಹಿಂದೆ ಹುಟ್ಟಿದ ಮಗುವಿಗೆ ಹಲವು ಬಾರಿ ಚರ್ಚಿನ ಪುಸ್ತಕದಲ್ಲಿನ ಒಂದು ಸಾಲು ಮಾತ್ರ ಸಾಕ್ಷಿ. ಬೀಥೋವನ್ ಅವರಿಗೆ ದೀಕ್ಷಾಸ್ನಾನವಾದದ್ದು 1770ರ ಡಿಸೆಂಬರ್ 17ರಂದು ಎಂಬುದು ಖಚಿತ. ಹುಟ್ಟಿದ್ದು ಹಿಂದಿನ ದಿನ ಇರಬೇಕೆಂಬುದು ಊಹೆ. ಒಳ್ಳೆಯ ಊಹೆಯೇ, ಆದರೂ ಊಹೆ. ಶೋಪಾನ್ ಅವರ ವಿಷಯ ಇನ್ನೂ ವಿಚಿತ್ರ. ಚರ್ಚಿನ ದಾಖಲೆ 1810ರ ಫೆಬ್ರವರಿ 22 ಎನ್ನುತ್ತದೆ, ಅವರೂ ಅವರ ಮನೆಯವರೂ ಮಾರ್ಚ್ 1 ಎನ್ನುತ್ತಿದ್ದರು. ದಾಖಲೆಯನ್ನು ನಂಬಬೇಕೋ ತಾಯಿಯನ್ನು ನಂಬಬೇಕೋ? ನನ್ನ ಅಭಿಪ್ರಾಯದಲ್ಲಿ, ವ್ಯಕ್ತಿ ತಾನೇ ಆಚರಿಸುತ್ತಿದ್ದ ದಿನವನ್ನು ಮುಖ್ಯ ಸಾಲಿನಲ್ಲಿಟ್ಟು, ದಾಖಲೆಯ ದಿನವನ್ನು ಟಿಪ್ಪಣಿಯಲ್ಲಿ ಕೊಡುವುದು ಉಚಿತ. ಆದರೆ ಆರ್ಮ್‌ಸ್ಟ್ರಾಂಗ್ ಅವರಿಗೆ ಇದೇ ಸೂತ್ರವನ್ನು ಅನ್ವಯಿಸಲಾಗದು, ಏಕೆಂದರೆ ಅಲ್ಲಿ ವ್ಯತ್ಯಾಸ ಒಂದು ವಾರದ್ದಲ್ಲ, ಒಂದು ವರ್ಷ ಒಂದು ತಿಂಗಳಿನದು; ಅಲ್ಲಿ ದಾಖಲೆಯೇ ಮುಖ್ಯ ಸಾಲಿಗೆ ಬರಬೇಕು.

ವೆರ್ದಿ ಅವರ ಪ್ರಸಂಗದಲ್ಲಿ ಸೂರ್ಯಾಸ್ತದ ಲೆಕ್ಕ ಮತ್ತೆ ಎದುರಾಗುತ್ತದೆ. 1813ರ ಅಕ್ಟೋಬರ್ 11ರ ದೀಕ್ಷಾಸ್ನಾನದ ದಾಖಲೆಯಲ್ಲಿ ಮಗು ‘ನಿನ್ನೆ’ ಹುಟ್ಟಿತೆಂದು ಇದೆ. ಆ ಕಾಲದಲ್ಲಿ ದಿನವನ್ನು ಸೂರ್ಯಾಸ್ತದಿಂದ ಎಣಿಸುವ ಪದ್ಧತಿಯೂ ಇದ್ದುದರಿಂದ ಆ ‘ನಿನ್ನೆ’ 9ನೆಯ ತಾರೀಖೂ ಆಗಬಹುದು, 10ನೆಯ ತಾರೀಖೂ ಆಗಬಹುದು. ವೆರ್ದಿ ಆಚರಿಸುತ್ತಿದ್ದದ್ದು 9ರಂದು. ಈಜಿಪ್ಟಿನ ಮಹಾನ್ ಗಾಯಕಿ ಉಮ್ಮ್ ಕುಲ್ತೂಮ್ ಅವರಿಗಂತೂ 1898 ಮತ್ತು 1904 ಎಂಬ ಎರಡು ವರ್ಷಗಳೇ ಪ್ರಚಾರದಲ್ಲಿವೆ. ಇಂಥಲ್ಲಿ ಒಂದನ್ನು ಆರಿಸಿ ಗಟ್ಟಿಯಾಗಿ ಹೇಳುವುದಕ್ಕಿಂತ ಎರಡನ್ನೂ ಬರೆದು ‘ವಿವಾದಿತ’ ಎಂದು ಗುರುತಿಸುವುದೇ ಗೌರವ.

ಹಳೆಯ ಜೂಲಿಯನ್ ಮತ್ತು ಇಂದಿನ ಗ್ರೆಗೋರಿಯನ್ ಕಾಲಗಣನೆಯ ಪದ್ಧತಿಗಳ ನಡುವಣ ಅಂತರವನ್ನು ಎಣಿಸುವ ಕ್ರಮವನ್ನು ಒಮ್ಮೆ ಚೆನ್ನಾಗಿ ಕಲಿತುಕೊಂಡರೆ ಅರ್ಧದಷ್ಟು ಗೊಂದಲಗಳು ತೀರುತ್ತವೆ. ಈ ಅಂತರ 1582ರಿಂದ 1700ರ ಫೆಬ್ರವರಿ ಕೊನೆಯವರೆಗೆ 10 ದಿನ, ಆಮೇಲೆ 1800ರ ಫೆಬ್ರವರಿಯವರೆಗೆ 11, 1900ರ ಫೆಬ್ರವರಿಯವರೆಗೆ 12, ಅಲ್ಲಿಂದ 2100ರವರೆಗೆ 13. ಬಾಖ್ ಹುಟ್ಟಿದ್ದು ಜೂಲಿಯನ್ ಲೆಕ್ಕದಲ್ಲಿ 1685ರ ಮಾರ್ಚ್ 21; ಇಂದಿನ ಲೆಕ್ಕಕ್ಕೆ ತಂದರೆ ಮಾರ್ಚ್ 31. ರಷ್ಯಾ 1918ರವರೆಗೂ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿತ್ತು. ಆ ವರ್ಷ ಜನವರಿ 31ರ ಮರುದಿನವನ್ನೇ ಫೆಬ್ರವರಿ 14 ಎಂದು ಎಣಿಸಲಾಯಿತು. ಹಾಗಾಗಿ ಚೈಕೋವ್‌ಸ್ಕಿ ಅವರ 1840ರ ಏಪ್ರಿಲ್ 25, ಮೇ 7 ಆಗುತ್ತದೆ. ರಾಖ್ಮನಿನೋವ್ ಅವರ 1873ರ ಮಾರ್ಚ್ 20, ಏಪ್ರಿಲ್ 1 ಆಗುತ್ತದೆ. ಇಲ್ಲಿ ಎಚ್ಚರ ತಪ್ಪುವುದು ಸುಲಭ: ಹುಟ್ಟಿದ ಶತಮಾನದ ಅಂತರವನ್ನು ಸೇರಿಸಬೇಕೇ ಹೊರತು ಇಂದಿನ ಅಂತರವನ್ನಲ್ಲ. ಸ್ಟ್ರಾವಿನ್‌ಸ್ಕಿ 1882ರ ಜೂನ್ 5ರಂದು ಹುಟ್ಟಿದವರು, ಅಂದರೆ ಹೊಸ ಲೆಕ್ಕದಲ್ಲಿ ಜೂನ್ 17; ಆದರೆ ಇಪ್ಪತ್ತನೆಯ ಶತಮಾನದ 13 ದಿನಗಳ ಲೆಕ್ಕ ಹಿಡಿದು ಅವರೇ ಜೂನ್ 18ರಂದು ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಿದ್ದರು. ದಿನದರ್ಶಿಕೆಯಲ್ಲಿ 17 ಇರಲಿ, ಟಿಪ್ಪಣಿಯಲ್ಲಿ 18 ಇರಲಿ. ಬಾಖ್ ಅವರಿಗೆ ಮಾತ್ರ ರೂಢಿಯಲ್ಲಿರುವ ಮಾರ್ಚ್ 21ನ್ನೇ ಉಳಿಸಿ, ‘ಹಳೆಯ ಪದ್ಧತಿ’ ಎಂದು ಸೂಚಿಸುವುದು ವಾಡಿಕೆ.

ಆಧಾರಗಳನ್ನು ನೋಡುವಾಗ ಒಂದು ಕಟ್ಟುನಿಟ್ಟನ್ನು ಪಾಲಿಸಿ. ಒಂದನ್ನೊಂದು ನಕಲು ಮಾಡಿದ ಇಪ್ಪತ್ತು ಜಾಲತಾಣಗಳು ಒಂದೇ ಆಧಾರಕ್ಕೆ ಸಮ. ದೇಶದ ವಿಷಯದಲ್ಲಿ ಅಲ್ಲಿನ ಸರ್ಕಾರದ ರಜೆಗಳ ಅಧಿಸೂಚನೆ ಅಥವಾ ರಾಯಭಾರ ಕಚೇರಿಯ ಪ್ರಕಟಣೆಯನ್ನೂ, ಸಂಗೀತಗಾರರ ವಿಷಯದಲ್ಲಿ ದಾಖಲೆಯನ್ನು ಕಣ್ಣಾರೆ ನೋಡಿ ಬರೆದ ಜೀವನಚರಿತ್ರೆಯನ್ನೋ ಸಂಗೀತ ವಿಶ್ವಕೋಶವನ್ನೋ ಹುಡುಕಿ. ಬದುಕಿರುವ ಕಲಾವಿದರಾದರೆ ಅವರೇ ಬಹಿರಂಗಪಡಿಸಿದ ದಿನವನ್ನು ಮಾತ್ರ ಬಳಸಿ. ಅವರಿಗೆ ‘ಹುಟ್ಟುಹಬ್ಬ’ ಎಂದೂ, ಗತಿಸಿದವರಿಗೆ ‘ಜನ್ಮದಿನ’ ಅಥವಾ ‘ಜಯಂತಿ’ ಎಂದೂ ಬರೆಯುವ ವಿವೇಕ ನಮ್ಮ ಭಾಷೆಯಲ್ಲೇ ಇದೆ, ಅದನ್ನು ಕೈಬಿಡಬಾರದು. ಕೆಲವರನ್ನು ಪರಂಪರೆ ಜನ್ಮದಿನಕ್ಕಿಂತ ಪುಣ್ಯತಿಥಿಯಲ್ಲೇ ಹೆಚ್ಚು ನೆನೆಯುತ್ತದೆ. ತ್ಯಾಗರಾಜರು 1767ರ ಮೇ 4ರಂದು ಜನಿಸಿದರೂ ಅವರ ಆರಾಧನೆ ನಡೆಯುವುದು ಪುಷ್ಯ ಬಹುಳ ಪಂಚಮಿಯಂದು. ಅಂಥವರಿಗೆ ಎರಡು ನಮೂದುಗಳು ಬೇಕಾಗುತ್ತವೆ.

ಎರಡೂ ಪಟ್ಟಿಗಳನ್ನು ಕೂಡಿಸಿದಾಗ ಸಿಗುವ ಸಂತೋಷವೇ ಬೇರೆ. ಫೆಬ್ರವರಿ 4 ಶ್ರೀಲಂಕಾದ ಸ್ವಾತಂತ್ರ್ಯ ದಿನ, 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದ ದಿನವೂ ಹೌದು. ಸೆಪ್ಟೆಂಬರ್ 16ರಂದು ಮೆಕ್ಸಿಕೊದ ಸ್ವಾತಂತ್ರ್ಯ ದಿನದ ಜೊತೆಗೆ ಎಂ. ಎಸ್. ಸುಬ್ಬುಲಕ್ಷ್ಮಿ ಮತ್ತು ಬ್ಲೂಸ್ ಗಿಟಾರ್ ವಾದಕ ಬಿ. ಬಿ. ಕಿಂಗ್ ಇಬ್ಬರ ಜನ್ಮದಿನಗಳೂ ಬರುತ್ತವೆ. ಅಕ್ಟೋಬರ್ 9ರಲ್ಲಿ ಉಗಾಂಡಾ ಮತ್ತು ಜಾನ್ ಲೆನನ್. ನವೆಂಬರ್ 22ರಲ್ಲಿ ಲೆಬನಾನಿನ ಸ್ವಾತಂತ್ರ್ಯ, ಸಂಗೀತಗಾರರ ರಕ್ಷಕಿಯೆಂದು ಕ್ರೈಸ್ತರು ನಂಬುವ ಸಂತ ಸಿಸಿಲಿಯಾಳ ಹಬ್ಬ, ಮತ್ತು ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ ಜನ್ಮದಿನ. ಆದರೆ ಇವು ಕಾಕತಾಳೀಯ ಎಂಬುದನ್ನು ಓದುಗರಿಗೆ ಸ್ಪಷ್ಟಪಡಿಸಬೇಕು. ಬಾಬ್ ಮಾರ್ಲಿ ನ್ಯೂಜಿಲೆಂಡಿನ ವೈಟಾಂಗಿ ದಿನದಂದೇ ಹುಟ್ಟಿದವರಾದರೂ ಅವರ ಜಮೈಕಾದ ಸ್ವಾತಂತ್ರ್ಯ ದಿನ ಆಗಸ್ಟ್ 6; ಅವರ ಹೆಸರಿನ ಮುಂದೆ ಜಮೈಕಾ ಎಂದು ಬರೆಯದಿದ್ದರೆ ಮಕ್ಕಳು ತಪ್ಪು ತಿಳಿಯುತ್ತಾರೆ. ನಿಜವಾದ ನಂಟಿರುವ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಫಿನ್ಲೆಂಡ್ ಡಿಸೆಂಬರ್ 8ರಂದು, ತನ್ನ ಸಂಯೋಜಕ ಸಿಬೇಲಿಯಸ್ ಅವರ ಜನ್ಮದಿನದಂದು, ತನ್ನ ಸಂಗೀತದ ಗೌರವಾರ್ಥ ರಾಷ್ಟ್ರಧ್ವಜ ಹಾರಿಸುತ್ತದೆ. ಥಾಯ್ಲೆಂಡಿನ ರಾಷ್ಟ್ರೀಯ ದಿನವಾದ ಡಿಸೆಂಬರ್ 5, ದೊರೆ ಭೂಮಿಬಲ್ ಅವರ ಜನ್ಮದಿನ. ಅವರು ಸ್ವತಃ ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಜಾಝ್ ರಚನೆಗಳನ್ನು ಮಾಡಿದ ಸಂಗೀತಗಾರ.

ದಿನದ ಭಾವವನ್ನೂ ಗಮನಿಸಬೇಕು. ಮಾರ್ಚ್ 21 ಬಾಖ್ ಮತ್ತು ಬಿಸ್ಮಿಲ್ಲಾ ಖಾನ್ ಇಬ್ಬರ ಜನ್ಮದಿನ, ನಮೀಬಿಯಾದ ಸ್ವಾತಂತ್ರ್ಯ ದಿನ; ಅದೇ ದಿನ ದಕ್ಷಿಣ ಆಫ್ರಿಕಾ, 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರನ್ನು ನೆನೆಯುತ್ತದೆ. ಜನವರಿ 26 ಆಸ್ಟ್ರೇಲಿಯಾದ ರಾಷ್ಟ್ರೀಯ ದಿನವಾದರೂ ಅಲ್ಲಿನ ಮೂಲನಿವಾಸಿಗಳಲ್ಲಿ ಹಲವರಿಗೆ ಅದು ಶೋಕದ ದಿನ. ಇಂಥ ಸಾಲುಗಳ ಪಕ್ಕದಲ್ಲಿ ಬಣ್ಣದ ಬಲೂನಿನ ಚಿತ್ರ ಹಾಕಬೇಡಿ. ಸಂಗೀತವನ್ನು ಆರಿಸುವಾಗಲೂ ಈ ವಿವೇಚನೆ ಇರಲಿ.

ಪ್ರತಿ ವರ್ಷ ನವೆಂಬರಿನಲ್ಲಿ ಒಂದು ದಿನವನ್ನು ಪರಿಷ್ಕರಣೆಗೆ ಮೀಸಲಿಡಿ. ಸರಿಯುವ ಹಬ್ಬಗಳ ಹೊಸ ದಿನಾಂಕಗಳನ್ನು ತುಂಬಿ, ಸಿಂಹಾಸನಗಳಲ್ಲಿ ಬದಲಾವಣೆಯಾಗಿದೆಯೇ ನೋಡಿ, ಆ ವರ್ಷ ನಿಧನರಾದ ಕಲಾವಿದರ ಸಾಲಿನಲ್ಲಿ ‘ಹುಟ್ಟುಹಬ್ಬ’ವನ್ನು ‘ಜನ್ಮದಿನ’ವೆಂದು ತಿದ್ದಿ. ಮುಂದಿನದು ಅಧಿಕ ವರ್ಷವಲ್ಲದಿದ್ದರೆ ರೊಸ್ಸಿನಿಯವರನ್ನು ಫೆಬ್ರವರಿ 28ರಂದು ನೆನೆಯುವಿರೋ ಮಾರ್ಚ್ 1ರಂದೋ ಎಂಬುದನ್ನು ಆಗಲೇ ತೀರ್ಮಾನಿಸಿ. ನಾನಾದರೆ 28ನ್ನೇ ಆರಿಸುತ್ತೇನೆ. ಮಾರ್ಚ್ 1 ಶೋಪಾನ್ ಅವರಿಗೇ ಇರಲಿ.