ಐವತ್ತೆರಡನೇ ವಯಸ್ಸಲ್ಲಿ 91ರಿಂದ 104: ಗಾಲ್ಫ್ ಡ್ರೈವರ್ ವೇಗ ಏರಿಸಿಕೊಂಡ ನನ್ನ ಅನುಭವ

ಡ್ರೈವರ್ ಅಂದರೆ ಗಾಲ್ಫ್‌ನಲ್ಲಿ ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್. ಮೊನ್ನೆ ಭಾನುವಾರ ಅದರ ವೇಗ ಅಳೆಯುವ ರೇಡಾರ್ ಮೂರು ಸಲ ಗಂಟೆಗೆ 104 ಮೈಲಿ ತೋರಿಸಿತು. ಬಾಲ್ ಇಟ್ಟು ಹೊಡೆದದ್ದು, ಬರೀ ಗಾಳಿಯಲ್ಲಿ ಬೀಸಿದ್ದಲ್ಲ. ಹೋದ ಯುಗಾದಿ ಹೊತ್ತಿಗೆ ನಾನು 91 ಮೈಲಿಯಲ್ಲಿದ್ದೆ. "ಐವತ್ತು ದಾಟಿದ ಮೇಲೆ ವೇಗ ಇಳಿಯುತ್ತೆ ಸಾರ್, ಏರಲ್ಲ. ಸುಮ್ನೆ ಸೊಂಟ ಹಿಡಿಸಿಕೊಳ್ತೀರಿ" ಅಂತ ಹೇಳುತ್ತಿದ್ದ ನಮ್ಮ ಫೋರ್‌ಬಾಲ್‌ನ ಮೂವರು ಜೊತೆ ಆಟಗಾರರೂ ಈಗ ನನ್ನ ಹತ್ತಿರವೇ ವೇಗದ ಅಭ್ಯಾಸಕ್ಕೆ ಬೀಸುವ ಕೋಲು ಮಾಡಿಸಿಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಸೂರಿನಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ವಾರಕ್ಕೊಂದು ದಿನ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗಿ ಆಡುತ್ತೇನೆ. ಉಳಿದ ದಿನ ಶೆಡ್ ಹಿಂದಿನ ಖಾಲಿ ಜಾಗವೇ ನನ್ನ ಅಭ್ಯಾಸದ ರೇಂಜ್.

ಮೊದಲು ಹಾಳಾದ ದುಡ್ಡಿನ ಲೆಕ್ಕ ಹೇಳುತ್ತೇನೆ. ಎಕ್ಸ್‌ಟ್ರಾ ಸ್ಟಿಫ್ ಶಾಫ್ಟ್, ಅಂದರೆ ಸುಲಭಕ್ಕೆ ಬಾಗದ ದಂಡ, ಹಾಕಿಸಿದ ಹೊಸ ಡ್ರೈವರ್‌ಗೆ 48 ಸಾವಿರದ ಹತ್ತಿರ ಹೋಯಿತು. ಶಾಫ್ಟ್ ಗಟ್ಟಿ ಇದ್ದರೆ ಗಟ್ಟಿಯಾಗಿ ಬೀಸಬಹುದು ಅಂತ ನಂಬಿದ್ದೆ. ವೇಗ ಒಂದು ಮೈಲಿಯೂ ಏರಲಿಲ್ಲ, ಬಾಲೆಲ್ಲ ಬಲಕ್ಕೆ ಹೋಯಿತು. ಎಂಟು ತಿಂಗಳಿಗೆ 26 ಸಾವಿರಕ್ಕೆ ಮಾರಿ ಹಳೇ ಡ್ರೈವರನ್ನೇ ಕೈಗೆ ತಗೊಂಡೆ. ಆಮೇಲೆ ಒಬ್ಬ ಕೋಚ್ ಹತ್ತಿರ ಹತ್ತು ಪಾಠ, 20 ಸಾವಿರ. ಎಡ ಹಿಮ್ಮಡಿ ನೆಲ ಬಿಡಬಾರದು, ಸೊಂಟ ಜಾಸ್ತಿ ತಿರುಗಬಾರದು ಅಂತ ಕಟ್ಟಿ ಹಾಕಿದರು. ಸ್ವಿಂಗ್ ನೋಡೋಕೆ ಚೆನ್ನಾಯಿತು, ವೇಗ 89ಕ್ಕೆ ಇಳಿಯಿತು. ಅವರನ್ನು ಬಿಟ್ಟ ಮೇಲೆ ಮತ್ತೆ 91ಕ್ಕೆ ಬಂದೆ. ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೂರು ಕೆಜಿಯ ಗದೆ ಮಾಡಿಕೊಂಡು ದಿನಾ ನೂರು ಸಲ ತಿರುಗಿಸಿದೆ. ಹನ್ನೊಂದನೇ ದಿನ ಬೆನ್ನು ಹಿಡಿಯಿತು. ಫಿಸಿಯೋಗೆ 9 ಸಾವಿರ, ಮೂರು ವಾರ ಲೇತ್ ಮುಂದೆ ನಿಲ್ಲೋಕೂ ಆಗಲಿಲ್ಲ. ಭಾರ ಎತ್ತಿದರೆ ಬಲ ಬರುತ್ತೆ, ಸರಿ. ಆದರೆ ನಿಧಾನವಾಗಿ ಬೀಸಿ ಬೀಸಿ ಮೈ ನಿಧಾನವನ್ನೇ ಕಲಿಯುತ್ತೆ.

ದಾರಿ ಸಿಕ್ಕಿದ್ದು ಎರಡು ಶೆಡ್ ಆಚೆಯ ಕುಲುಮೆಯಲ್ಲಿ. ಅಲ್ಲಿ ಸಮ್ಮಟಿ ಹೊಡೆಯುವವರೊಬ್ಬರಿದ್ದಾರೆ. ಅರವತ್ತು ದಾಟಿದೆ, ಸಣಕಲು ಮೈ. ಬೆನ್ನು ನೋವಿನ ಆ ದಿನಗಳಲ್ಲಿ ಒಂದು ಸಂಜೆ ಸ್ಟೂಲ್ ಹಾಕಿಕೊಂಡು ಅವರ ಕಾಲನ್ನೇ ನೋಡುತ್ತಾ ಕೂತೆ. ಸಮ್ಮಟಿ ಮೇಲೇರುವಾಗ ಎಡ ಹಿಮ್ಮಡಿ ನೆಲ ಬಿಡುತ್ತಿತ್ತು. ಸಮ್ಮಟಿ ಇನ್ನೂ ಮೇಲಿರುವಾಗಲೇ ಆ ಹಿಮ್ಮಡಿ ಧಪ್ ಅಂತ ಕೂರುತ್ತಿತ್ತು. ತಕ್ಷಣ ಮಂಡಿ ನೆಟ್ಟಗಾಗುತ್ತಿತ್ತು. ಪೆಟ್ಟು ಬೀಳುವ ಹೊತ್ತಿಗೆ ಕೈ ಹೆಚ್ಚುಕಡಿಮೆ ನಿಂತೇ ಹೋಗಿರುತ್ತಿತ್ತು. ಸಮ್ಮಟಿಯ ತಲೆ ಮಾತ್ರ ಕೈಯನ್ನು ದಾಟಿ ಹಾರಿ ಬರುತ್ತಿತ್ತು.

"ಕೊನೇಲಿ ಕೈ ಯಾಕೆ ತಡೀತೀರಿ ಅಣ್ಣಾ?" ಅಂತ ಕೇಳಿದೆ.

"ನಾನೆಲ್ಲಿ ತಡೀತೀನಿ ಸಾಮಿ? ಕಾಲು ನೆಲಾನ ಒದ್ದರೆ ಕೈ ತಾನಾಗೇ ನಿಲ್ಲುತ್ತೆ."

ಎಷ್ಟೋ ವೀಡಿಯೋ ನೋಡಿ ತಲೆಗೆ ಹತ್ತದ್ದು ಆ ಒಂದು ಮಾತಿನಲ್ಲಿ ಹತ್ತಿತು. ಗಾಲ್ಫ್ ದಿಗ್ಗಜ ಜ್ಯಾಕ್ ನಿಕ್ಲಾಸ್ 18 ಮೇಜರ್ ಟೂರ್ನಿ ಗೆದ್ದದ್ದು ಹಿಮ್ಮಡಿ ಎತ್ತಿಯೇ ಅಲ್ವಾ?

ಇನ್ನು ಕೋಲುಗಳ ವಿಷಯ. ವೇಗದ ಅಭ್ಯಾಸಕ್ಕೆ ಬರುವ ಮೂರು ಕೋಲಿನ ರೆಡಿಮೇಡ್ ಸೆಟ್ ದುಬಾರಿ, ಅದರ ತೂಕದ ಲೆಕ್ಕ ಇಷ್ಟೇ: ಡ್ರೈವರ್‌ಗಿಂತ 20% ಹಗುರ, 10% ಹಗುರ, 5% ಭಾರ. ನನ್ನ ಡ್ರೈವರ್ 320 ಗ್ರಾಂ. ಹಾಗಾಗಿ 256, 288, 336. ಗುಜರಿಯಲ್ಲಿ ಹಳೇ ಸ್ಟೀಲ್ ಶಾಫ್ಟ್ ಡ್ರೈವರ್ ಮೂರು ಸಿಕ್ಕಿದವು. ತಲೆ ಕಿತ್ತು, ತುದಿಗೆ ಅಲ್ಯೂಮಿನಿಯಂ ಮತ್ತು ಹಿತ್ತಾಳೆಯ ಉರುಟು ತಲೆ ಕಡೆದು ಕೂರಿಸಿದೆ. ಮೊದಲನೇ ಸಲ ಅವಸರ ಮಾಡಿ ಅಂಟು ಹಾಕಿದ ಎರಡೇ ಗಂಟೆಗೆ ಬೀಸಿದೆ. ತಲೆ ಕಿತ್ತುಕೊಂಡು ಹೋಗಿ ಶೆಡ್‌ನ ಶೀಟ್ ತೂತು ಮಾಡಿತು. ಅದರ ಕೆಳಗೆ ನಮ್ಮ ಹುಡುಗ ಊಟಕ್ಕೆ ಕೂತಿದ್ದ. ಆ ದಿನ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ. ಈಗ ಎಪಾಕ್ಸಿ ಹಾಕಿ ಪೂರ್ತಿ ಒಂದು ದಿನ ಬಿಡುತ್ತೇನೆ, ಮೇಲೆ ಅಡ್ಡಕ್ಕೆ ಪಿನ್ ಹೊಡೆಯುತ್ತೇನೆ. ಯಾರಾದರೂ ಮಾಡುವುದಿದ್ದರೆ ಪಿನ್ ಬಿಡಬೇಡಿ. ಮೂರೂ ಸೇರಿ ಖರ್ಚು ಮೂರು ಸಾವಿರದೊಳಗೆ. ಪುಟ್ಟ ರೇಡಾರ್‌ಗೆ 22 ಸಾವಿರ ಆಯಿತು. ನಾನು ಹಾಕಿದ ದುಡ್ಡಿನಲ್ಲಿ ಸಾರ್ಥಕ ಆದದ್ದು ಅದೊಂದೇ. ನಂಬರ್ ಕಣ್ಣಿಗೆ ಕಾಣದಿದ್ದರೆ ಮೈ ತಾನು ಜೋರಾಗಿ ಬೀಸಿದೆ ಅಂತಲೇ ಹೇಳುತ್ತೆ.

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಒಂದು ದಿನಕ್ಕೆ ನಲವತ್ತು ಬೀಸು, ಅದಕ್ಕಿಂತ ಹೆಚ್ಚಿಲ್ಲ. ಎಡಗೈ ಆಟಗಾರರ ಹಾಗೆ ತಿರುಗಿ ನಿಂತೂ ಬೀಸುತ್ತೇನೆ, ಬೆನ್ನಿಗೆ ಅದು ಒಳ್ಳೆಯದು. ಸೆಟ್‌ಗಳ ನಡುವೆ ಒಂದು ನಿಮಿಷ ಪೂರ್ತಿ ನಿಲ್ಲುತ್ತೇನೆ. ನಂಬರ್ ಎರಡು ಸಲ ಇಳಿದರೆ ಅವತ್ತಿಗೆ ಮುಗಿಯಿತು. ಆರು ವಾರದಲ್ಲಿ 91 ಇದ್ದದ್ದು 96 ಆಯಿತು. ಆಮೇಲೆ ಎರಡು ತಿಂಗಳು ಅಲ್ಲೇ ನಿಂತಿತು. ಶಾಪ್ ಮುಚ್ಚಿದ ಮೇಲೆ ಸುಸ್ತಾದ ಮೈಯಲ್ಲಿ ಬೀಸುತ್ತಿದ್ದೆ, ಅದೇ ಕಾರಣ. ಬೆಳಿಗ್ಗೆಗೆ ಬದಲಾಯಿಸಿದೆ. ಸೋಮವಾರ ನಮ್ಮೂರಿನ ಚಂದ್ರಚೂಡೇಶ್ವರ ಬೆಟ್ಟ ಹತ್ತುವುದನ್ನೂ ಶುರು ಮಾಡಿದೆ. ಅದರಿಂದ ವೇಗಕ್ಕೆ ಎಷ್ಟು ಬಂತೋ ಲೆಕ್ಕ ಇಟ್ಟಿಲ್ಲ, ಆದರೆ ಹದಿನೆಂಟನೇ ಹೋಲಿನಲ್ಲೂ ಕಾಲು ಗಟ್ಟಿ ಇರುತ್ತೆ.

ನಡುವೆ ಊಟಿಗೆ ಹೋಗಿದ್ದೆವು. ಅಲ್ಲಿ ಒಂದಾದ ಮೇಲೊಂದು 245, 250 ಗಜ ಹೋದಾಗ ಗೆಳೆಯರು ಚಪ್ಪಾಳೆ ತಟ್ಟಿದರು, ನಾನೂ ಹಿಗ್ಗಿದೆ. ಸಂಜೆ ರೇಡಾರ್ ಇಟ್ಟು ನೋಡಿದರೆ 95. ಊಟಿ ಎರಡು ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ತೆಳು ಗಾಳಿಯಲ್ಲಿ ಬಾಲ್ ಜಾಸ್ತಿಯೇ ದೂರ ಹೋಗುತ್ತೆ. ಅಂದಿನಿಂದ ಗಜ ನೋಡುವುದನ್ನು ಬಿಟ್ಟು ಮೈಲಿ ಮಾತ್ರ ನೋಡುತ್ತೇನೆ.

ನಿಜವಾದ ಕಷ್ಟ ಇನ್ನೂ ಮುಂದಿತ್ತು. ಬಾಲ್ ಇಲ್ಲದೆ ಡ್ರೈವರ್ ಬೀಸಿದರೆ 105, ಬಾಲ್ ಇಟ್ಟ ಕೂಡಲೇ 97. ಈ ಎಂಟು ಮೈಲಿ ತಿನ್ನುತ್ತಿದ್ದದ್ದು ಬಾಲ್ ಎಲ್ಲಿ ಹೋಗುತ್ತೋ ಅನ್ನೋ ಭಯ. ಅದಕ್ಕೆ ನೆಟ್ ಕಟ್ಟಿದೆ. ಮೊದಲು ಅಗ್ಗದ್ದು ತಂದೆ. ಒಂದು ಬಾಲ್ ಅದನ್ನು ಹರಿದುಕೊಂಡು ಹೋಗಿ ಪಕ್ಕದವರು ಗುಲಾಬಿ ಬೆಳೆಯುವ ಪಾಲಿಹೌಸ್ ಶೀಟಿಗೆ ಬಿತ್ತು. ನಮ್ಮೂರಿನ ಗುಲಾಬಿ ವಿಮಾನ ಹತ್ತಿ ಹೋಗುವ ಫೆಬ್ರವರಿ ಹೊತ್ತು ಅದು. ಶೀಟಿಗೆ 4 ಸಾವಿರ ಕೊಟ್ಟು, ಮೀನು ಹಿಡಿಯುವ ದಪ್ಪ ನೈಲಾನ್ ಬಲೆ ಎರಡು ಪದರ ಕಟ್ಟಿದೆ. ಬಾಲ್ ಎಲ್ಲಿ ಹೋಯಿತು ಅಂತ ನೋಡೋಕೇ ಆಗದ ಜಾಗದಲ್ಲಿ ದಿನಾ ಹದಿನೈದು ಬಾಲ್. ಮೂರನೇ ವಾರಕ್ಕೆ ಅಂತರ ಮೂರು ಮೈಲಿಗೆ ಇಳಿಯಿತು. ಅದನ್ನು ಒಂದಕ್ಕೆ ಇಳಿಸಿದ್ದು ಬಾಲ್ ಮುಂದೆ ನಿಂತ ಮೇಲೆ ನಾನು ಮಾಡುವ ಒಂದು ಸಣ್ಣ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ. ಭಾರದ ಕೋಲಿನಲ್ಲಿ ತೂಕವನ್ನು ನಾನು ಎಲ್ಲಿ ಕೂರಿಸುತ್ತೇನೆ ಅನ್ನುವುದನ್ನೂ ಅಷ್ಟೇ. ಜೊತೆಗೆ ಆಡೋಕೆ ಬಂದವರಿಗೆ ತೋರಿಸುತ್ತೇನೆ.

ವೇಗ ಬಂದರೆ ಸಾಲದು, ಪೆಟ್ಟು ನಡುವಿಗೆ ಬೀಳಬೇಕು. ಮೊದಮೊದಲು ಸ್ಮ್ಯಾಶ್ (ಬಾಲ್ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದ ಅಂಕಿ) 1.38 ಬರುತ್ತಿತ್ತು, ಅಂದರೆ ಬೆವರೆಲ್ಲ ದಂಡ. ಕ್ಲಬ್‌ಫೇಸಿಗೆ ಸೀಮೆಸುಣ್ಣ ಉಜ್ಜಿ ಹೊಡೆದು ನೋಡಿದೆ. ಗುರುತೆಲ್ಲ ಹೀಲ್ ಕಡೆಗೇ, ಅಂದರೆ ಶಾಫ್ಟ್ ಸೇರುವ ಬದಿಗೇ ಇತ್ತು. ಕಾಲು ಒದೆಯುವಾಗ ಮೈ ಮುಂದಕ್ಕೆ ವಾಲುತ್ತಿತ್ತು. ಅರ್ಧ ಇಂಚು ದೂರ ನಿಂತೆ, ಬಾಲ್ ಕೂರಿಸುವ ಟೀ ಸ್ವಲ್ಪ ಎತ್ತರಿಸಿದೆ. ಈಗ 1.45 ಬರುತ್ತೆ, ಬಾಲ್ ವೇಗ 150ರ ಆಸುಪಾಸು. ಬೆಂಗಳೂರಿನಲ್ಲಿ ಕ್ಯಾರಿ, ಅಂದರೆ ಬಾಲ್ ಗಾಳಿಯಲ್ಲೇ ಹೋಗುವ ದೂರ, 240 ಗಜ. ಮೊದಲು 200 ದಾಟಿದರೆ ಹೆಚ್ಚಾಗಿತ್ತು.

ಈಗ ಹೊಸದೊಂದು ಶುರುವಾಗಿದೆ. 100 ದಾಟಿದ ಮೇಲೆ ಹಳೇ ರೆಗ್ಯುಲರ್ ಶಾಫ್ಟ್ (ಹೆಚ್ಚು ಬಾಗುವಂಥದ್ದು) ತಡೆಯುತ್ತಿಲ್ಲ. ಬಾಲ್ ಎತ್ತರಕ್ಕೆ ಏರಿ ಎಡಕ್ಕೆ ತಿರುಗುತ್ತೆ. ಸ್ಟಿಫ್ ಶಾಫ್ಟ್ ಎರಡು ಎರವಲು ತಂದು ಹಾಕಿ ನೋಡುತ್ತಿದ್ದೇನೆ, ಒಂದು 55 ಗ್ರಾಂ, ಇನ್ನೊಂದು 65. ಹಗುರದ್ದರಲ್ಲಿ ಒಂದು ಮೈಲಿ ಜಾಸ್ತಿ ಬರುತ್ತೆ, ಭಾರದ್ದರಲ್ಲಿ ಬಾಲ್ ನೆಟ್ಟಗೆ ಹೋಗುತ್ತೆ. ಯಾವುದು ಇಟ್ಟುಕೊಳ್ಳುವುದು ಅಂತ ಇನ್ನೂ ತೀರ್ಮಾನಿಸಿಲ್ಲ.