ಚೆಂಡಿನಿಂದ ಕಣ್ಣು ತೆಗೆದು ನೋಡಿದಾಗ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪಂದ್ಯಗಳನ್ನು ನೇರಪ್ರಸಾರದಲ್ಲಿ ನೋಡುತ್ತಲೇ ವಿಶ್ಲೇಷಿಸುವ ಹವ್ಯಾಸ ನನಗೆ ವರ್ಷಗಳಿಂದ ಇದೆ. ಪಂದ್ಯ ಮುಗಿದ ಮೇಲೆ ಅಂಕಿಅಂಶ ಮುಂದಿಟ್ಟುಕೊಂಡು ಸೋಲಿಗೆ ಕಾರಣ ಹೇಳುವುದು ಸುಲಭ. ಆಟ ಇನ್ನೂ ನಡೆಯುತ್ತಿರುವಾಗಲೇ ಅದು ಯಾವ ಕಡೆಗೆ ವಾಲುತ್ತಿದೆ, ಯಾಕೆ ವಾಲುತ್ತಿದೆ ಎಂದು ಗುರುತಿಸುವುದರಲ್ಲಿ ಸಿಗುವ ಖುಷಿಯೇ ಬೇರೆ.

ಮೊದಲ ಐದಾರು ನಿಮಿಷ ನಾನು ಸ್ಕೋರಿನ ಕಡೆ ನೋಡುವುದಿಲ್ಲ. ಆಗ ನನ್ನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಪಿಕ್ ಅಂಡ್ ರೋಲ್ (ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಟ್ಟು, ತಾನು ರಿಂಗಿನತ್ತ ಓಡುವ ದಾಳಿ) ಬಂದಾಗ ರಕ್ಷಣೆಗೆ ನಿಂತ ತಂಡದ ಸೆಂಟರ್, ಅಂದರೆ ರಿಂಗಿನ ಬಳಿ ಆಡುವ ಎತ್ತರದ ಆಟಗಾರ, ಎಲ್ಲಿದ್ದಾನೆ? ಚೆಂಡು ಹಿಡಿದವನಿಗೆ ಜೊತೆಗಾರ ಸ್ಕ್ರೀನ್ ಹಾಕುತ್ತಿದ್ದಂತೆ, ಅಂದರೆ ರಕ್ಷಕನ ದಾರಿಗೆ ಅಡ್ಡ ನಿಲ್ಲುತ್ತಿದ್ದಂತೆ, ಸೆಂಟರ್ ರಿಂಗಿನ ಹತ್ತಿರಕ್ಕೆ ಹಿಂದೆ ಸರಿದರೆ ಅದು ಡ್ರಾಪ್. ಆ ತಂಡ ರಿಂಗನ್ನು ಕಾಯ್ದುಕೊಂಡು, ಮಧ್ಯಮ ದೂರದ ಶಾಟನ್ನು ಬಿಟ್ಟುಕೊಡಲು ಸಿದ್ಧವಿದೆ ಎಂದರ್ಥ. ಸ್ಕ್ರೀನಿನ ಹಿಂದಿನಿಂದಲೇ ಮೂರಂಕದ (ಮೂರು ಅಂಕ ತರುವ, ದೂರದ) ಎಸೆತ ಹಾಕಬಲ್ಲವನು ಎದುರಿದ್ದರೆ ಈ ಲೆಕ್ಕ ಹೆಚ್ಚು ಹೊತ್ತು ನಡೆಯುವುದಿಲ್ಲ. ಇಬ್ಬರು ರಕ್ಷಕರೂ ಸೇರಿ ಚೆಂಡಿನವನ ಮೇಲೆ ಬಿದ್ದರೆ, ಹಿಂದೆ ಉಳಿದ ಮೂವರು ನಾಲ್ವರನ್ನು ಕಾಯಬೇಕಾಗುತ್ತದೆ. ರಕ್ಷಕರು ಪರಸ್ಪರ ಅದಲುಬದಲಾದರೆ, ಅಂದರೆ ಸ್ವಿಚ್ ಮಾಡಿದರೆ, ಅವರಲ್ಲಿ ದುರ್ಬಲ ರಕ್ಷಕ ಯಾರು ಎಂಬುದನ್ನು ಎದುರಾಳಿ ಹುಡುಕಲು ತೊಡಗುತ್ತಾನೆ. ಇಷ್ಟು ಗೊತ್ತಾದರೆ ಮುಂದಿನ ಮೂರು ಕ್ವಾರ್ಟರ್‌ಗಳ ವಾದ ಯಾವುದರ ಮೇಲೆ ನಡೆಯಲಿದೆ ಎಂಬುದು ಅರ್ಧ ಗೊತ್ತಾದಂತೆ.

ಇದಕ್ಕಾಗಿ ಚೆಂಡಿನಿಂದ ಕಣ್ಣು ಕೀಳಬೇಕು. ಕ್ಯಾಮೆರಾ ಹೇಗಿದ್ದರೂ ಚೆಂಡನ್ನೇ ಹಿಂಬಾಲಿಸುತ್ತದೆ, ಹಾಗಾಗಿ ಅದು ಎಲ್ಲಿದೆ ಎಂಬುದು ಓರೆಗಣ್ಣಿಗೂ ತಿಳಿಯುತ್ತದೆ. ನಾನು ನೋಡುವುದು ಸ್ಕ್ರೀನ್ ಹಾಕುವವನನ್ನು ಕಾಯುತ್ತಿರುವ ಎರಡನೆಯ ರಕ್ಷಕನನ್ನು. ಅವನ ನಂತರ, ಚೆಂಡಿಗೆ ದೂರದ ಮೂಲೆಯಲ್ಲಿ ನೆರವಿಗೆ ಓಡಲೋ ಬೇಡವೋ ಎಂದು ಒಂದು ಹೆಜ್ಜೆ ಒಳಗಿಟ್ಟು ನಿಂತವನನ್ನು. ಎಷ್ಟೋ ಅಂಕಗಳು ಹುಟ್ಟುವುದು ಆ ಒಂದು ಹೆಜ್ಜೆಯಲ್ಲಿ.

2016ರ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಗೋಲ್ಡನ್ ಸ್ಟೇಟ್ ತಂಡಗಳು ಆಡಿದ ಏಳನೆಯ, ನಿರ್ಣಾಯಕ ಪಂದ್ಯದ ಕೊನೆಯ ನಿಮಿಷವನ್ನು ಹೀಗೆ ನೋಡಿ. ಸ್ಕೋರ್ 89–89. ಕ್ಲೀವ್‌ಲ್ಯಾಂಡ್‌ನ ಕೈರಿ ಇರ್ವಿಂಗ್ ಅವರನ್ನು ಕ್ಲೇ ಥಾಂಪ್ಸನ್ ಕಾಯುತ್ತಿದ್ದರು. ಜೆ.ಆರ್. ಸ್ಮಿತ್ ಬಂದು ಸ್ಕ್ರೀನ್ ಹಾಕಿದರು, ಗೋಲ್ಡನ್ ಸ್ಟೇಟ್ ಸ್ವಿಚ್ ಮಾಡಿತು, ಇರ್ವಿಂಗ್ ಎದುರಿಗೆ ಸ್ಟೀಫನ್ ಕರಿ ಉಳಿದರು. ಇರ್ವಿಂಗ್ ಹಿಂದೆ ಸರಿದು ಎಸೆದ ಮೂರಂಕದ ಶಾಟ್ ಒಳಗೆ ಬಿದ್ದಾಗ ಗಡಿಯಾರದಲ್ಲಿ 53 ಸೆಕೆಂಡ್ ಉಳಿದಿತ್ತು. ಜಗತ್ತು ನೆನಪಿಟ್ಟುಕೊಂಡಿರುವುದು ಆ ಎಸೆತವನ್ನು. ನನ್ನ ಮಟ್ಟಿಗೆ ಆ ಸರದಿಯ ತಿರುಳು ಸ್ಮಿತ್ ಅವರ ಸ್ಕ್ರೀನಿನಲ್ಲಿದೆ. ಬೇಕಾದ ಎದುರಾಳಿಯನ್ನು ಆರಿಸಿಕೊಂಡದ್ದು ಅಲ್ಲಿ.

ಕೈಯಲ್ಲಿ ಒಂದು ಪುಸ್ತಕ, ಪೆನ್ಸಿಲ್ ಇರುತ್ತದೆ. ಪ್ರತಿ ದಾಳಿಗೂ ಒಂದು ಗುರುತು: ಸಿಕ್ಕಿದ ಶಾಟ್ ಒಳ್ಳೆಯದಾದರೆ ಅಧಿಕ ಚಿಹ್ನೆ, ಬಲವಂತದ್ದಾದರೆ ಅಡ್ಡಗೆರೆ. ಚೆಂಡು ಒಳಗೆ ಬಿದ್ದರೆ ಅದರ ಸುತ್ತ ಒಂದು ವೃತ್ತ. ಗುರುತನ್ನು ಚೆಂಡು ಗಾಳಿಯಲ್ಲಿರುವಾಗಲೇ ಹಾಕುತ್ತೇನೆ, ಫಲಿತಾಂಶ ನೋಡಿದ ಮೇಲೆ ಹಾಕಿದರೆ ಮನಸ್ಸು ಪಕ್ಷಪಾತ ಮಾಡುತ್ತದೆ. ವೃತ್ತವಿಲ್ಲದ ಅಧಿಕ ಚಿಹ್ನೆಗಳು ಸಾಲುಗಟ್ಟಿದ್ದರೆ ಆ ತಂಡ ಹಿಂದಿದ್ದರೂ ನಾನು ಗಾಬರಿಯಾಗುವುದಿಲ್ಲ.

ಈ ನಂಬಿಕೆಗೂ ಮಿತಿಯಿದೆ. 2018ರ ಪಶ್ಚಿಮ ವಲಯದ ಫೈನಲ್‌ನ ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ ಸತತವಾಗಿ 27 ಮೂರಂಕದ ಎಸೆತಗಳನ್ನು ತಪ್ಪಿಸಿತು. ಮಧ್ಯಂತರದಲ್ಲಿ 11 ಅಂಕಗಳಿಂದ ಮುಂದಿದ್ದ ತಂಡ 101–92ರಿಂದ ಸೋತಿತು. ದುರದೃಷ್ಟ ಎಂದು ಹೇಳುವವರಿದ್ದಾರೆ, ಆ ಮಾತಿನಲ್ಲಿ ಹುರುಳೂ ಇದೆ. ಆದರೆ ಹ್ಯೂಸ್ಟನ್‌ನ ಕ್ರಿಸ್ ಪಾಲ್ ಗಾಯಗೊಂಡು ಹೊರಗಿದ್ದರು, ದಾಳಿ ಕಟ್ಟುವ ಭಾರವೆಲ್ಲ ಜೇಮ್ಸ್ ಹಾರ್ಡನ್ ಮೇಲೆ ಬಿದ್ದಿತ್ತು. ದಣಿದ ಕಾಲುಗಳಿಂದ ಹೊರಟ ಎಸೆತ ಮೇಲ್ನೋಟಕ್ಕೆ ಮುಕ್ತವಾಗಿ ಕಂಡರೂ ಮೊದಲ ಕ್ವಾರ್ಟರಿನ ಎಸೆತಕ್ಕೆ ಸಮವಲ್ಲ. ಹಾಗಾಗಿ ದ್ವಿತೀಯಾರ್ಧದಲ್ಲಿ ಎಸೆಯುವವನ ಕಾಲುಗಳನ್ನೂ ಗಮನಿಸುತ್ತೇನೆ: ಜಿಗಿತ ಕುಗ್ಗಿದೆಯೇ, ಚೆಂಡು ರಿಂಗಿನ ಮುಂಭಾಗಕ್ಕೇ ಪದೇ ಪದೇ ಬಡಿಯುತ್ತಿದೆಯೇ?

ಅಂಕಿಅಂಶಗಳನ್ನು ಕ್ವಾರ್ಟರ್ ಮುಗಿದಾಗ ಮಾತ್ರ ತೆರೆಯುತ್ತೇನೆ. ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಗುರುತಿಸಿದ ನಾಲ್ಕು ಅಂಶಗಳು ಸಾಕು: ಶಾಟ್‌ಗಳ ಯಶಸ್ಸು, ಟರ್ನ್‌ಓವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು), ದಾಳಿಯ ರೀಬೌಂಡ್ (ತಪ್ಪಿದ ತಮ್ಮದೇ ಎಸೆತವನ್ನು ಮತ್ತೆ ಹಿಡಿಯುವುದು), ಫ್ರೀ ಥ್ರೋ (ಫೌಲ್‌ಗೆ ಪ್ರತಿಯಾಗಿ ಸಿಗುವ ತಡೆಯಿಲ್ಲದ ಎಸೆತ). ಯಶಸ್ಸನ್ನು ಅಳೆಯುವಾಗ ಮೂರಂಕದ ಶಾಟಿಗೆ ಒಂದೂವರೆ ಪಟ್ಟು ಬೆಲೆ ಕೊಡಬೇಕು. ಶೇ 36ರಷ್ಟು ಮೂರಂಕದ ಶಾಟ್ ಹಾಕುವುದೂ ಶೇ 54ರಷ್ಟು ಎರಡಂಕದ ಶಾಟ್ ಹಾಕುವುದೂ ಒಂದೇ. ಪೊಸೆಷನ್‌ಗಳ, ಅಂದರೆ ಚೆಂಡು ತಂಡದ ಕೈಯಲ್ಲಿದ್ದ ಸರದಿಗಳ, ಅಂದಾಜು ಇನ್ನೂ ಉಪಯುಕ್ತ: ಎಸೆದ ಒಟ್ಟು ಶಾಟ್‌ಗಳಲ್ಲಿ ದಾಳಿಯ ರೀಬೌಂಡ್ ಕಳೆದು, ಟರ್ನ್‌ಓವರ್ ಕೂಡಿಸಿ, ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಸೇರಿಸುವುದು. ಕ್ವಾರ್ಟರಿನಲ್ಲಿ 22 ಶಾಟ್, 3 ರೀಬೌಂಡ್, 4 ಟರ್ನ್‌ಓವರ್, 6 ಫ್ರೀ ಥ್ರೋ ಇದ್ದರೆ ಸುಮಾರು 26 ಪೊಸೆಷನ್. ಅಷ್ಟರಲ್ಲಿ 30 ಅಂಕ ಬಂದಿದ್ದರೆ ದಾಳಿ ಚೆನ್ನಾಗಿದೆ. 24 ಬಂದಿದ್ದರೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಒಂದೇ ಪಂದ್ಯದ ಪ್ಲಸ್–ಮೈನಸ್ ಅಂಕಿಗೆ (ಒಬ್ಬ ಆಟಗಾರ ಅಂಗಳದಲ್ಲಿದ್ದಾಗ ಎರಡು ತಂಡಗಳು ಗಳಿಸಿದ ಅಂಕಗಳ ವ್ಯತ್ಯಾಸ) ನಾನು ಬೆಲೆ ಕೊಡುವುದಿಲ್ಲ. ಜೊತೆಗಿದ್ದ ನಾಲ್ವರ ಗುಣದೋಷಗಳೆಲ್ಲ ಅದರಲ್ಲಿ ಕಲಸಿಹೋಗಿರುತ್ತವೆ.

ಮರುಪ್ರಸಾರದ ತುಣುಕು ಬಂದಾಗ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂದು ಬರೆದುಕೊಳ್ಳುತ್ತೇನೆ. ತಂಡದ ಫೌಲ್‌ಗಳೂ ಅಲ್ಲೇ. ಕ್ವಾರ್ಟರಿನಲ್ಲಿ ಐದನೆಯ ಫೌಲ್‌ನಿಂದ ಎದುರಾಳಿಗೆ ಫ್ರೀ ಥ್ರೋ ಸಿಗುವುದರಿಂದ, ನಾಲ್ಕು ಬೇಗ ಮುಗಿಸಿದ ತಂಡದ ರಕ್ಷಕರು ಕೈ ಹಿಂದೆಳೆದುಕೊಳ್ಳುತ್ತಾರೆ.

ಟೈಮ್‌ಔಟ್ ಎಂದರೆ ನನಗೆ ಪರೀಕ್ಷೆಯ ಹೊತ್ತು. ಕೋಚ್ ಮುಂದಿನ ಸರದಿಗೆ ಯಾರ ಮೇಲೆ ಸ್ಕ್ರೀನ್ ಹಾಕಿಸುತ್ತಾನೆ ಎಂದು ಒಂದು ಸಾಲು ಬರೆದಿಡುತ್ತೇನೆ, ಆಟ ಶುರುವಾದ ತಕ್ಷಣ ಉತ್ತರ ಕಣ್ಣೆದುರಿಗೇ ಬರುತ್ತದೆ. ಕ್ವಾರ್ಟರಿನ ಕೊನೆಯಲ್ಲೂ ಇಂಥದ್ದೇ ಕೆಲಸ. ಸುಮಾರು 35 ಸೆಕೆಂಡ್ ಉಳಿದಾಗ ಚೆಂಡು ಸಿಕ್ಕಿದ ತಂಡ ಬೇಗ ಎಸೆದರೆ, ಎದುರಾಳಿ 24 ಸೆಕೆಂಡಿನ ಗಡಿಯಾರವನ್ನು ಪೂರ್ತಿ ಬಳಸಿದರೂ ಚೆಂಡು ಮತ್ತೆ ತನ್ನ ಕೈಗೆ ಬರುತ್ತದೆ. ಆ ಅವಸರದ ಎಸೆತವನ್ನು ವೀಕ್ಷಕರು ಬೈಯುವಾಗ ನಾನು ಪುಸ್ತಕದಲ್ಲಿ ಅಡ್ಡಗೆರೆ ಹಾಕುವುದಿಲ್ಲ, ಬದಿಯಲ್ಲಿ ‘2’ ಎಂದು ಬರೆದು, ಎರಡನೆಯ ಎಸೆತಕ್ಕೆ ಕಾಯುತ್ತೇನೆ.