ನೋವಿಲ್ಲದ ಹೃದಯ ರಕ್ತಕೊರತೆ: ವಾರ್ಡಿನ ರೋಗಿಯಲ್ಲಿ ಇಸಿಜಿಯಿಂದ ಪತ್ತೆಹಚ್ಚುವ ಕ್ರಮ

ಹೃದಯದ ಸ್ನಾಯುವಿಗೆ ರಕ್ತ ಸಾಲದಾದರೆ ಎದೆನೋವು ಬಂದೇ ಬರುತ್ತದೆ ಎಂಬ ನಂಬಿಕೆಯನ್ನು ವಾರ್ಡಿನಲ್ಲಿ ಕೆಲಸ ಮಾಡುವವರು ಮೊದಲು ಬಿಡಬೇಕು. ಬಹುಕಾಲದ ಮಧುಮೇಹದಿಂದ ನರಗಳಿಗೆ ಹಾನಿಯಾದವರಲ್ಲಿ, ವಯೋವೃದ್ಧರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಪ್ರಬಲ ನೋವುನಿವಾರಕ ಪಡೆಯುತ್ತಿರುವವರಲ್ಲಿ ಈ ರಕ್ತಕೊರತೆ ಯಾವ ಸೂಚನೆಯೂ ಇಲ್ಲದೆ ಬಂದುಹೋಗಬಹುದು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಮೂರು ದಿನಗಳಲ್ಲಂತೂ ವಿಶೇಷ ಎಚ್ಚರ ಬೇಕು.

ಇಂಥ ರೋಗಿ ದಾಖಲಾದಾಗಲೇ 12 ಲೀಡ್‌ಗಳ ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ; ಅದನ್ನು ಒಂದೊಂದು ದಿಕ್ಕಿನಿಂದ ತೋರಿಸುವ ಗೆರೆಯೇ ಲೀಡ್) ತೆಗೆದು ಕೇಸ್‌ಶೀಟಿಗೆ ಸೇರಿಸಿಡಬೇಕು; ಮುಂದಿನ ತೀರ್ಮಾನವೆಲ್ಲ ಆ ಹಾಳೆಯೊಂದಿಗಿನ ಹೋಲಿಕೆಯನ್ನೇ ಅವಲಂಬಿಸಿದೆ. ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ., ಎತ್ತರ ಒಂದು ಮಿಲಿವೋಲ್ಟಿಗೆ 10 ಮಿ.ಮೀ. ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಎದೆಗೆ ಅಂಟಿಸುವ ವಿ1 ಮತ್ತು ವಿ2 ಎಲೆಕ್ಟ್ರೋಡ್‌ಗಳು ಎದೆಮೂಳೆಯ ಬಲ ಮತ್ತು ಎಡ ಅಂಚಿನಲ್ಲಿ, ಪಕ್ಕೆಲುಬುಗಳ ನಾಲ್ಕನೆಯ ಸಂದಿನಲ್ಲಿರಬೇಕು. ಅವಸರದಲ್ಲಿ ಅವನ್ನು ಒಂದು ಸಂದು ಮೇಲಕ್ಕೆ ಅಂಟಿಸುವುದು ತೀರಾ ಸಾಮಾನ್ಯ, ಮತ್ತು ಆಗ ಹೊಸ ಇಸಿಜಿಯಲ್ಲಿ ಕಾಣುವ ಬದಲಾವಣೆ ಹೃದಯದ್ದೋ ಎಲೆಕ್ಟ್ರೋಡಿನದ್ದೋ ತಿಳಿಯುವುದಿಲ್ಲ. ಜಾಗವನ್ನು ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡಿದರೆ ಮುಂದಿನ ಪಾಳಿಯವರಿಗೂ ಅನುಕೂಲ.

ಓದುವಾಗ ಎಸ್‌ಟಿ ಭಾಗವನ್ನು (ಪ್ರತಿ ಬಡಿತದ ಚೂಪು ಅಲೆಗೂ ಅದರ ನಂತರದ ದುಂಡು ಅಲೆಗೂ ನಡುವಿನ ಗೆರೆ) ನಿಧಾನವಾಗಿ ನೋಡಿ. ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಅದು ಸಮತಲವಾಗಿ ಅಥವಾ ಕೆಳಮುಖವಾಗಿ ಅರ್ಧ ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಹೊಸದಾಗಿ ತಗ್ಗಿದ್ದರೆ ಶಂಕಿಸಬೇಕು. ಮೇಲ್ಮುಖವಾಗಿ ಏರುವ ತಗ್ಗಿಗೆ ಅಷ್ಟು ತೂಕವಿಲ್ಲ. ಎಡಗುಚ್ಛ ತಡೆ (ಹೃದಯದ ಎಡಬದಿಗೆ ವಿದ್ಯುತ್ ಒಯ್ಯುವ ದಾರಿಯಲ್ಲಿನ ಅಡಚಣೆ), ಎಡ ಹೃತ್ಕುಕ್ಷಿ (ಹೃದಯದ ಎಡ ಕೆಳಕೋಣೆ) ದಪ್ಪವಾಗಿರುವುದು, ಹೃದಯದ ಔಷಧಿಯಾದ ಡಿಗಾಕ್ಸಿನ್ ಸೇವನೆ, ಪೊಟ್ಯಾಸಿಯಂ ಕೊರತೆ ಇವು ಕೂಡ ಎಸ್‌ಟಿ ಭಾಗವನ್ನು ಬದಲಿಸುವುದರಿಂದ, ಹಳೆಯ ಹಾಳೆ ಇಲ್ಲದೆ ಒಂದೇ ಇಸಿಜಿಯನ್ನು ನಂಬುವುದು ನನ್ನ ಮಟ್ಟಿಗೆ ಊಹೆಯೇ.

ಹಾಸಿಗೆ ಪಕ್ಕದ ಮಾನಿಟರ್‌ನಲ್ಲಿ ಒಂದೇ ಎದೆ ಲೀಡ್ ಇಡಲು ಸಾಧ್ಯವಿದ್ದರೆ ಎದೆಯ ಎಡಬದಿಯ ವಿ5 ಆಯ್ದುಕೊಳ್ಳಿ. ಎಸ್‌ಟಿ ಭಾಗ ತಿರುಚಿ ಕಾಣದಂತೆ ಮಾನಿಟರ್‌ನ ಫಿಲ್ಟರನ್ನು (ಅಡ್ಡ ಸಂಕೇತಗಳನ್ನು ಸೋಸುವ ವ್ಯವಸ್ಥೆ) ಡಯಾಗ್ನೋಸ್ಟಿಕ್ ಮೋಡ್‌ಗೆ ಬದಲಿಸಿ. ರೋಗಿ ಮಗ್ಗುಲು ಬದಲಿಸಿದಾಗಲೂ ಎಸ್‌ಟಿ ಸರಿದಂತೆ ತೋರಬಹುದು, ಹಾಗಾಗಿ ಅಲಾರಂ ಬಡಿದಾಗ ಅಂಗಾತ ಮಲಗಿಸಿ ಪೂರ್ಣ ಇಸಿಜಿ ತೆಗೆಯಬೇಕು.

ಬದಲಾವಣೆ ನಿಜವೆನಿಸಿದರೆ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಪರೀಕ್ಷೆಗೆ ರಕ್ತ ಕಳುಹಿಸಿ, ಕೆಲವು ಗಂಟೆಗಳ ನಂತರ ಅದನ್ನು ಪುನರಾವರ್ತಿಸಿ; ಅಷ್ಟರಲ್ಲಿ ನಾಡಿಬಡಿತ, ರಕ್ತದೊತ್ತಡ, ಆಮ್ಲಜನಕ ಮತ್ತು ಹಿಮೋಗ್ಲೋಬಿನ್ ಮಟ್ಟವನ್ನು ನೋಡಿ, ಏಕೆಂದರೆ ಶಸ್ತ್ರಚಿಕಿತ್ಸೆಯ ನಂತರ ರಕ್ತನಷ್ಟ ಮತ್ತು ವೇಗದ ಬಡಿತಗಳೇ ಹಲವು ಸಲ ಮೂಲ ಕಾರಣವಾಗಿರುತ್ತವೆ. ಎಸ್‌ಟಿ ಭಾಗ ತಗ್ಗುವ ಬದಲು ಏರಿದ್ದರೆ, ನೋವಿಲ್ಲದಿದ್ದರೂ ಟ್ರೋಪೋನಿನ್ ವರದಿಗೆ ಕಾಯದೆ ಹೃದ್ರೋಗ ತಜ್ಞರನ್ನು ಕೂಡಲೇ ಕರೆಯಬೇಕು.